ಓಲೆಗೆ ವಿಭೂತಿ, ಓದುವವರಿಗೆ ಕೀಲಿ



ಈ ಬರಹ ಕೆಲವರಿಗೆ ಸಿಟ್ಟು ತರಿಸಬಹುದು. ಈ ಪತ್ರಿಕೆ ಮಠಗಳ ಮೂಲಕವೇ ನಮ್ಮ ಮನೆಗಳಿಗೆ ಬರುತ್ತದೆ. ಅದರಲ್ಲಿ ಮಠಗಳ ಬಗ್ಗೆಯೇ ಬರೆಯುವುದೆಂದರೆ ಉಂಡ ಮನೆಯ ಜಂತಿ ಎಣಿಸಿದಂತೆ ಎಂದು ಹಿರಿಯರು ಬೈದಾರು. ಆದರೆ ಜಂತಿಗೆ ಗೆದ್ದಲು ಹತ್ತಿದಾಗ ಎಣಿಸದೆ ಗತ್ಯಂತರವಿಲ್ಲ. ನಾನು ಹೇಳಹೊರಟಿರುವುದು ನಿಜವಾದ ಗೆದ್ದಲಿನ ಮಾತು, ಅಲಂಕಾರಕ್ಕೆ ಹೇಳಿದ್ದಲ್ಲ.

ನಾನು ರಬಕವಿ-ಬನಹಟ್ಟಿಯಲ್ಲಿ ಮೂವತ್ತು ವರ್ಷ ಕನ್ನಡ ಕಲಿಸಿ ನಿವೃತ್ತನಾದ ಮಾಸ್ತರ. ನಮ್ಮ ಓಣಿಯಲ್ಲಿ ಕೋಳಿ ಕೂಗುವ ಮೊದಲೇ ಮಗ್ಗದ ಸದ್ದು ಏಳುತ್ತದೆ. ಆ ಓಣಿಯ ನೇಕಾರರೊಬ್ಬರ ಮಗಳು, ನನ್ನ ವಿದ್ಯಾರ್ಥಿನಿ, ಎಂ.ಎ. ಓದುವಾಗ ಕಿರುಪ್ರಬಂಧಕ್ಕೆ ದುಗ್ಗಳೆಯನ್ನು ಆರಿಸಿಕೊಂಡಳು. ನೇಕಾರರ ಮನೆಯ ಹುಡುಗಿ ನೇಕಾರ ಶರಣ ದಾಸಿಮಯ್ಯನ ಪುಣ್ಯಸ್ತ್ರೀಯ ಬಗ್ಗೆ ಬರೆಯುವುದು ನನಗೂ ಹೆಮ್ಮೆ ಅನ್ನಿಸಿತು. ತೊಂದರೆ ಏನೆಂದರೆ ದುಗ್ಗಳೆಯ ಹೆಸರಿನಲ್ಲಿ ನಮಗೆ ಉಳಿದು ಬಂದಿರುವುದು ಎರಡೇ ವಚನ. ಆ ಹುಡುಗಿ ಕೇಳಿದ ಪ್ರಶ್ನೆ ಸರಳವಾಗಿತ್ತು: "ಎರಡೇ ಬರದಾಳೋ, ಇಲ್ಲಾ ಎರಡೇ ಸಿಕ್ಕಾವೋ ಸರ್?"

ನಾನು ಉತ್ತರ ಹೇಳಲಿಲ್ಲ. ಒಂದು ಮಠದ ಹೆಸರು ಹೇಳಿದೆ. ಆ ಹೆಸರು ಇಲ್ಲಿ ಬರೆಯುವುದಿಲ್ಲ, ಏಕೆಂದರೆ ದೋಷ ಒಂದೇ ಮಠದ್ದಲ್ಲ. ವಟುಗಳಿಗೆ ಧರ್ಮಪಾಠ ಹೇಳುವ ಪಾಠಶಾಲೆ ಅಲ್ಲಿದೆ, ಆ ಪಾಠಶಾಲೆಗೆ ಗ್ರಂಥಾಲಯವಿದೆ, ಗ್ರಂಥಾಲಯದಲ್ಲಿ ಓಲೆಗರಿಯ ಕಟ್ಟುಗಳಿವೆ ಎಂದು ಬಲ್ಲವರು ಹೇಳಿದ್ದರು. ಹುಡುಗಿ ಮೊದಲ ಸಲ ಹೋದಾಗ ಕಾಲೇಜಿನ ಪತ್ರ ತರಲು ಹೇಳಿದರು. ಪತ್ರ ತೆಗೆದುಕೊಂಡು ಎರಡನೇ ಸಲ ಹೋದಾಗ ಕೀಲಿಕೈ ಇದ್ದವರು ಊರಲ್ಲಿರಲಿಲ್ಲ. ಮೂರನೇ ಸಲ ನಾನೇ ಜೊತೆಗೆ ಹೋದೆ.

"ಏನ ಬೇಕಾಗಿತ್ತ ಗುರುಗಳ?"

"ಗ್ರಂಥಾಲಯ ನೋಡಬೇಕಾಗಿತ್ತರಿ. ಓಲಿ ಕಟ್ಟು ಅದಾವಂತ ಕೇಳೇವಿ."

"ನೀವ್ ಒಳಗ ಬರ್ರಿ. ತಂಗಿ ಇಲ್ಲೇ ಹೊರಗ ಕುಂಡರ್ಲಿ. ಓಲಿಗೆ ದಿನಾ ಪೂಜಾ ಆಗತೈತಿ, ಹೆಣ್ಣಮಕ್ಕಳು ಮುಟ್ಟಂಗಿಲ್ಲ."

"ಓದಾಕಿ ಆಕಿರಿ, ನಾ ಅಲ್ಲ."

"ಹಂಗಾರ ಅಪ್ಪಾರು ಬಂದ ಮ್ಯಾಲೆ ಕೇಳ್ರಿ."

"ಅಪ್ಪಾರು ಯಾವಾಗ ಬರ್ತಾರ?"

"ಹೇಳಾಕ ಬರಂಗಿಲ್ರಿ."

ಹುಡುಗಿ ಕಟ್ಟೆಯ ಮೇಲೆ ಕುಳಿತಳು. ನಾನು ನಾಚಿಕೆಯಿಂದಲೇ ಒಳಗೆ ಹೋದೆ. ಗಾಜಿನ ಕಪಾಟಿನಲ್ಲಿ ಕೆಂಪು ವಸ್ತ್ರ ಸುತ್ತಿದ ಕಟ್ಟುಗಳಿದ್ದವು. ಪ್ರತಿ ಕಟ್ಟಿನ ಮೇಲೆ ಮೂರು ಬೆರಳ ವಿಭೂತಿ, ಒಣಗಿದ ಪತ್ರಿ, ಪಕ್ಕದ ದೀಪದಿಂದ ಸಿಡಿದ ಎಣ್ಣೆಯ ಕಲೆ. ಕಪಾಟಿನ ಕೆಳಗಿನ ಹಲಗೆಯಲ್ಲಿ ಸಣ್ಣಗೆ ಹಿಟ್ಟು ಚೆಲ್ಲಿದಂತೆ ಕಂಡಿತು. ಕೈಯಿಂದ ಮುಟ್ಟಿ ನೋಡಿದೆ. ಅದು ವಿಭೂತಿಯಲ್ಲ, ಹುಳ ತಿಂದು ಬಿಟ್ಟ ಓಲೆಯ ಪುಡಿ. ಒಂದು ಕಟ್ಟಿಗೆ ಹಳೆಯ ಚೀಟಿ ಅಂಟಿಸಿದ್ದರು: "ವಚನ, ನಂ. 14". ಆ ಸಂಖ್ಯೆಯನ್ನು ನನ್ನ ಡೈರಿಯಲ್ಲಿ ಬರೆದುಕೊಂಡು ಹೊರಗೆ ಬಂದೆ. ಯಾರ ವಚನ, ಎಷ್ಟು ವಚನ ಎಂದು ಕೇಳಿದರೆ ಹೇಳುವವರು ಅಲ್ಲಿ ಯಾರೂ ಇರಲಿಲ್ಲ. ಪಟ್ಟಿ ಎಂಬುದೇ ಇರಲಿಲ್ಲ.

ಈಗ ಕೇಳುತ್ತೇನೆ. ನಮ್ಮ ಧರ್ಮದಲ್ಲಿ ಹೆಣ್ಣಿಗೂ ಗಂಡಿಗೂ ಒಂದೇ ಲಿಂಗದೀಕ್ಷೆ. ಪಂಚಸೂತಕಗಳನ್ನು ಶರಣರು ಎಂದೋ ಕಿತ್ತೆಸೆದರು. ರಜಸ್ಸೂತಕ ಆ ಐದರಲ್ಲಿ ಒಂದು, ಜಾತಿಸೂತಕ ಇನ್ನೊಂದು. ಅಂಗೈಯಲ್ಲಿ ಇಷ್ಟಲಿಂಗ ಹಿಡಿದು ಪೂಜಿಸಲು ಅರ್ಹಳಾದವಳು ಒಣಗಿದ ತಾಳೆಗರಿ ಮುಟ್ಟಲು ಅನರ್ಹಳಾದದ್ದು ಯಾವ ಶಾಸ್ತ್ರದಿಂದ? ಆ ಹದಿನಾಲ್ಕನೇ ಕಟ್ಟಿನಲ್ಲಿ ದುಗ್ಗಳೆಯದೇ ಒಂದು ವಚನ ಇದ್ದಿದ್ದರೆ, ಆ ತಾಯಿಯೇ ಎದ್ದು ಬಂದರೂ ಅದನ್ನು ಮುಟ್ಟಲು ನಮ್ಮವರು ಬಿಡುತ್ತಿರಲಿಲ್ಲ. ಸ್ಥಾವರ ಬೇಡ ಎಂದು ಹೊರಟವರು ನಾವು. ಕೊನೆಗೆ ಶರಣರ ಮಾತನ್ನೇ ಸ್ಥಾವರ ಮಾಡಿ ಕೂರಿಸಿದೆವು, ಅದಕ್ಕೆ ಮಡಿ ಕಟ್ಟಿದೆವು, ಪೂಜಾರಿಯನ್ನೂ ನೇಮಿಸಿದೆವು.

ಇಂಥ ಕಟ್ಟುಗಳು ಕಪಾಟಿನಲ್ಲೇ ಉಳಿದಿದ್ದರೆ ಏನಾಗುತ್ತಿತ್ತು ಎಂಬುದನ್ನು ತಿಳಿಯಲು ದೂರ ಹೋಗಬೇಕಿಲ್ಲ. ನಮ್ಮ ರಬಕವಿ-ಬನಹಟ್ಟಿಯ ಕಥೆಯೇ ಇದೆ. 1903ರ ಸುಮಾರಿಗೆ ಫಕೀರಪ್ಪ ಗುರುಬಸಪ್ಪ ಹಳಕಟ್ಟಿ ಎಂಬ, ಆಗಿನ್ನೂ ಇಪ್ಪತ್ತು ದಾಟಿದ್ದ ತರುಣ ಇಲ್ಲಿಗೆ ಬಂದರು. ಇಲ್ಲಿನ ಭಕ್ತರೊಬ್ಬರ ಮನೆಯಲ್ಲಿ ಅವರಿಗೆ ತಾಡೋಲೆಯ ಕಟ್ಟುಗಳನ್ನು ತೋರಿಸಿದರು. ಅವುಗಳಲ್ಲಿ ಪ್ರಭುದೇವರ ವಚನಗಳಿದ್ದವು, ಷಟ್‌ಸ್ಥಲ ತಿಲಕ ಎಂಬ ಕೃತಿ ಇತ್ತು. ಜಮಖಂಡಿ ಸೀಮೆಯ ಗೋಠೆಯಲ್ಲೂ ಅಂಥವೇ ಇವೆ ಎಂದು ತಿಳಿಯಿತು. ಅಲ್ಲಿಂದ ಶುರುವಾದ ಹುಡುಕಾಟ ಅವರ ಆಯುಷ್ಯವನ್ನೇ ತಿಂದಿತು. ವಿಜಾಪುರದಲ್ಲಿ ವಕೀಲಿ ಮಾಡುತ್ತ ಗಳಿಸಿದ್ದೆಲ್ಲ ಓಲೆಗೂ ಅಚ್ಚಿಗೂ ಹೋಯಿತು. 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗ ಹೊರಬಂತು. 1925ರಲ್ಲಿ ಹಿತಚಿಂತಕ ಮುದ್ರಣಾಲಯ, 1926ರಲ್ಲಿ ಶಿವಾನುಭವ ಪತ್ರಿಕೆ, 1927ರಲ್ಲಿ ನವಕರ್ನಾಟಕ. ಮುದ್ರಣಾಲಯಕ್ಕಾಗಿ ಇದ್ದ ಮನೆಯನ್ನೂ ಮಾರಿದರು. ಐವತ್ತರಷ್ಟು ವಚನಕಾರರ ಹೆಸರು ಮಾತ್ರ ಗೊತ್ತಿದ್ದ ನಾಡಿಗೆ ಇನ್ನೂರೈವತ್ತರಷ್ಟು ಹೆಸರು ಕೊಟ್ಟು, 1964ರಲ್ಲಿ ಲಿಂಗೈಕ್ಯರಾದರು.

ಆ ದಿನ ಈ ಊರಿನ ಆ ಮನೆಯವರು "ಪೂಜಾ ಆಗತೈತಿ, ಮುಟ್ಟಂಗಿಲ್ಲ" ಎಂದು ಹೇಳಿದ್ದರೆ? ಅವರು ನೇಯ್ಗೆಯ ಊರಿನ ಗೃಹಸ್ಥರು, ಮಠಾಧೀಶರಲ್ಲ, ಪಂಡಿತರೂ ಅಲ್ಲ. ಅಟ್ಟದ ಮೇಲಿನ ಕಟ್ಟನ್ನು ಇಳಿಸಿ, ಧೂಳು ಜಾಡಿಸಿ, ಹೊರ ಊರಿನಿಂದ ಬಂದ ಹುಡುಗನ ಮುಂದೆ ಬಿಚ್ಚಿ ಇಟ್ಟರು. ವಚನ ಸಾಹಿತ್ಯದ ಚರಿತ್ರೆಯಲ್ಲಿ ಹಳಕಟ್ಟಿಯವರಿಗೆ ಸಲ್ಲಬೇಕಾದ ಗೌರವ ಸಂದಿದೆ. ಕಟ್ಟು ಬಿಚ್ಚಿದ ಆ ಕೈಗೆ ನಾವು ಇನ್ನೂ ಶರಣು ಹೇಳಿಲ್ಲ. ಇವತ್ತು ಅದೇ ಊರಿನ ಹುಡುಗಿ ಮಠದ ಕಟ್ಟೆಯ ಮೇಲೆ ಕುಳಿತು ವಾಪಸ್ಸು ಬಂದಳು. ನೂರಿಪ್ಪತ್ತು ವರ್ಷದಲ್ಲಿ ನಾವು ಮುಂದೆ ಹೋದೆವೋ ಹಿಂದೆ ಬಂದೆವೋ ನೀವೇ ಹೇಳಿ.

ಇನ್ನೊಂದು ಮಾತು. ಹಳಕಟ್ಟಿಯವರು ವಚನಗಳ ಕೈಬರಹವನ್ನು ಮೊದಲು ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯಕ್ಕೆ ಕಳಿಸಿದ್ದರು, ಅವರು ಅದನ್ನು ಅಚ್ಚು ಹಾಕದೆ ಹಿಂದಕ್ಕೆ ಕಳಿಸಿದರು ಎಂದು ಅವರ ಚರಿತ್ರೆ ಬರೆದವರು ಹೇಳುತ್ತಾರೆ. ತಮ್ಮ ಮತದ ತಿರುಳು ಈ ವಚನಗಳಲ್ಲೇ ಇದೆಯಲ್ಲ ಎಂದು ಅವರು ಬೆದರಿದರು ಎಂಬ ಮಾತನ್ನು ನಮ್ಮ ಪ್ರವಚನಕಾರರು ಬಹಳ ಉತ್ಸಾಹದಿಂದ ಹೇಳುತ್ತಾರೆ, ಸಭೆ ಚಪ್ಪಾಳೆ ತಟ್ಟುತ್ತದೆ. ಕೊನೆಗೆ ಅಚ್ಚಾದದ್ದು ಬೆಳಗಾವಿಯ ಮಹಾವೀರ ಮುದ್ರಣಾಲಯದಲ್ಲಿ. ಜೈನ ತೀರ್ಥಂಕರನ ಹೆಸರಿನ ಮುದ್ರಣಾಲಯ ಶರಣರ ವಚನಗಳನ್ನು ನಾಡಿಗೆ ಕೊಟ್ಟಿತು ಎಂಬುದನ್ನು ಅದೇ ಪ್ರವಚನಕಾರರು ಯಾಕೋ ಅಷ್ಟು ಗಟ್ಟಿಯಾಗಿ ಹೇಳುವುದಿಲ್ಲ.

ಚಪ್ಪಾಳೆ ತಟ್ಟುವ ಮುನ್ನ ಕಥೆಯ ಉಳಿದ ಅರ್ಧವನ್ನೂ ಕೇಳಿ. ಅದೇ ಮಿಶನ್ನಿನವರು ಮಂಗಳೂರಿನ ಬಲ್ಮಠದಲ್ಲಿ ತಮ್ಮ ಪಾದ್ರಿಗಳನ್ನು ತಯಾರಿಸುವ ಪಾಠಶಾಲೆ ಕಟ್ಟಿದರು. ಇವತ್ತು ಅದು ಕರ್ನಾಟಕ ಥಿಯಲಾಜಿಕಲ್ ಕಾಲೇಜು. 1843ರಲ್ಲಿ ಮಂಗಳೂರು ಸಮಾಚಾರ ಹೊರಡಿಸಿದ ಹರ್ಮನ್ ಮೋಗ್ಲಿಂಗ್, ತಮ್ಮ ಬಿಬ್ಲಿಯೋಥಿಕಾ ಕರ್ನಾಟಿಕಾ ಮಾಲೆಯಲ್ಲಿ ನಮ್ಮ ಬಸವಪುರಾಣವನ್ನು ಕಲ್ಲಚ್ಚಿನಲ್ಲಿ ಮುದ್ರಿಸಿದರು. ವುರ್ತ್ ಎಂಬ ಇನ್ನೊಬ್ಬ ಮಿಶನರಿ ಬಸವಪುರಾಣವನ್ನೂ ಚೆನ್ನಬಸವಪುರಾಣವನ್ನೂ ಇಂಗ್ಲಿಷಿಗೆ ತಂದು, 1860ರ ದಶಕದಲ್ಲಿ ಮುಂಬಯಿಯ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಅವರ ಉದ್ದೇಶ ನಮ್ಮ ಧರ್ಮವನ್ನು ಬೆಳೆಸುವುದಲ್ಲ. ನಮ್ಮ ಪಕ್ಕದ ಗುಳೇದಗುಡ್ಡದ ನೇಕಾರರ ನಡುವೆ ಕೇಂದ್ರ ತೆರೆದು ಮತಪ್ರಚಾರ ಮಾಡಿದವರೂ ಅವರೇ. ನಮ್ಮನ್ನು ವಾದದಲ್ಲಿ ಗೆಲ್ಲಲು ನಮ್ಮ ಗ್ರಂಥ ಓದಿದರು. ಆದರೆ ಓದಿದರು! ಓದಿದ್ದನ್ನು ಜೋಪಾನ ಮಾಡಿದರು, ಪಟ್ಟಿ ಬರೆದರು, ಕಪಾಟಿಗೆ ಸಂಖ್ಯೆ ಹಾಕಿದರು. ಇವತ್ತು ಆ ಕಾಲೇಜಿನ ಗ್ರಂಥಾಲಯ ಮತ್ತು ಪತ್ರಾಗಾರಕ್ಕೆ ಬೇರೆ ಧರ್ಮದ ಸಂಶೋಧಕರೂ ಹೋಗುತ್ತಾರೆ. ಶ್ರೀನಿವಾಸ ಹಾವನೂರರು 1974ರಲ್ಲಿ ಹೊಸಗನ್ನಡದ ಅರುಣೋದಯದಂಥ ಬೃಹದ್ಗ್ರಂಥ ಕೊಟ್ಟದ್ದು ಮಿಶನ್ನಿನ ಕಾಗದಪತ್ರಗಳ ಇಂಥ ರಾಶಿಯನ್ನು ಜಾಲಾಡಿಯೇ. ಹಾವನೂರರು ಕ್ರೈಸ್ತರಲ್ಲ. ಅವರನ್ನು ಯಾರೂ ಕಟ್ಟೆಯ ಮೇಲೆ ಕೂರಿಸಲಿಲ್ಲ.

ಬಸವಪುರಾಣದ ಹಳೆಯ ಅಚ್ಚು ಪ್ರತಿಯನ್ನು ನೋಡಬೇಕೆಂದರೆ ಬಾಗಲಕೋಟೆ ಜಿಲ್ಲೆಯ ಲಿಂಗಾಯತ ವಿದ್ಯಾರ್ಥಿ ಕ್ರೈಸ್ತ ಪಾಠಶಾಲೆಯ ಬಾಗಿಲಿಗೆ ಹೋಗುವುದೇ ಸುಲಭ. ತನ್ನದೇ ಮಠದ ಕಪಾಟು ತೆರೆಸುವುದು ಕಷ್ಟ. ಇದನ್ನು ಬರೆಯುವಾಗ ನನ್ನ ಲೇಖನಿ ನಡುಗುತ್ತದೆ.

ನಮ್ಮಲ್ಲಿ ಏನೂ ಆಗಿಲ್ಲ ಎಂದು ನಾನು ಹೇಳುತ್ತಿಲ್ಲ. ನಮ್ಮದೇ ಜಿಲ್ಲೆಯಲ್ಲಿ, ಬಾದಾಮಿಯ ಹತ್ತಿರ ಮಲಪ್ರಭೆಯ ದಂಡೆಯ ಮೇಲೆ 1909ರಲ್ಲಿ ಹಾನಗಲ್ಲ ಕುಮಾರ ಸ್ವಾಮಿಗಳು ಶಿವಯೋಗ ಮಂದಿರ ಕಟ್ಟಿದರು. ಮಠಕ್ಕೆ ಬರುವ ಸ್ವಾಮಿಗಳು ಓದಿ ಬರಬೇಕು ಎಂಬ ಹಟ ಅವರದು. ವಟುಗಳಿಗೆ ಪಾಠದ ಏರ್ಪಾಡು ಮಾಡಿದಂತೆಯೇ ಊರೂರು ಅಲೆದು ಓಲೆಗರಿ ಸಂಗ್ರಹಿಸಿದರು. ಅವರ ಎಲ್ಲ ವಿಚಾರವೂ ನಮ್ಮಂಥ ಸುಧಾರಕರಿಗೆ ಒಪ್ಪಿಗೆಯಾಗದೆ ಇರಬಹುದು, ವೀರಶೈವ-ಲಿಂಗಾಯತ ವಾದ ಬೇರೆಯೇ ಇದೆ. ಆದರೆ ಪುಸ್ತಕವಿಲ್ಲದ ಪಾಠಶಾಲೆ ಪಾಠಶಾಲೆಯಲ್ಲ ಎಂಬುದು ಅವರಿಗೆ ಗೊತ್ತಿತ್ತು. ಶಿವಯೋಗ ಮಂದಿರದ ವಿಭೂತಿ ಇವತ್ತು ನಾಡಿನ ಮನೆ ಮನೆಯ ಜಗಲಿಯ ಮೇಲಿದೆ. ಅಲ್ಲಿ ಕಲಿತು ಹೋಗಿ ಊರೂರಿನ ಪೀಠದ ಮೇಲೆ ಕುಳಿತವರು ವಿಭೂತಿಯನ್ನು ಒಯ್ದರು. ಓಲೆ ಸಂಗ್ರಹಿಸಿದ ಆ ಹಟವನ್ನು ಎಷ್ಟು ಜನ ಒಯ್ದರು?

ಗದುಗಿನ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮಿಗಳನ್ನು ಜನ ಪುಸ್ತಕದ ಸ್ವಾಮಿಗಳು ಎಂದೇ ಕರೆದರು. 2018ರಲ್ಲಿ ಲಿಂಗೈಕ್ಯರಾಗುವ ತನಕ ಅವರು ಮಠದ ಅಧ್ಯಯನ ಸಂಸ್ಥೆಯಿಂದ ನೂರಾರು ಗ್ರಂಥ ಹೊರತಂದರು. ವಿಜಯಪುರದಲ್ಲಿ ಹಳಕಟ್ಟಿಯವರ ಹೆಸರಿನಲ್ಲೇ ಸಂಶೋಧನ ಕೇಂದ್ರವಿದೆ. ಡಾ. ಎಂ. ಎಂ. ಕಲಬುರ್ಗಿಯವರ ಸಂಪಾದಕತ್ವದಲ್ಲಿ ಸರಕಾರ 15 ಸಂಪುಟಗಳಲ್ಲಿ ಸಮಗ್ರ ವಚನ ಸಂಪುಟ ಪ್ರಕಟಿಸಿತು. ಅವರನ್ನು 2015ರ ಆಗಸ್ಟ್ 30ರಂದು ಅವರ ಮನೆಯ ಬಾಗಿಲಲ್ಲೇ ಗುಂಡಿಟ್ಟು ಕೊಂದರು. ಆ ದಿನ ಕಣ್ಣೀರು ಹಾಕದ ಮಠವಿಲ್ಲ. ಅವರು ಬದುಕಿದ್ದಾಗ ಕೇಳುತ್ತಿದ್ದದ್ದು ಕಣ್ಣೀರನ್ನಲ್ಲ, ಕಟ್ಟುಗಳನ್ನು.

"ಎಲ್ಲಾ ಅಚ್ಚಾಗಿ ಬಂತಲ್ಲ, ಇನ್ನೇನು ಹುಡುಕೋದು?" ಎಂದು ಕೇಳುವವರಿದ್ದಾರೆ. 20,000ಕ್ಕೂ ಮಿಕ್ಕಿ ವಚನಗಳು ಅಚ್ಚಾಗಿವೆ ನಿಜ. ಆದರೆ ಓಲೆಯ ಕಟ್ಟನ್ನು ಒಮ್ಮೆ ಬಿಚ್ಚಿ ನೋಡಿದವರಿಗೆ ಗೊತ್ತು: ಮೇಲೆ "ವಚನ" ಎಂದು ಚೀಟಿ ಇರುತ್ತದೆ, ಒಳಗೆ ನಾಲ್ಕು ಕೃತಿ ಒಟ್ಟಿಗೆ ಕಟ್ಟಿರುತ್ತಾರೆ. ವಚನದ ನಡುವೆ ನಾಟಿ ಔಷಧದ ಗರಿ, ತತ್ವಪದದ ಹಿಂದೆ ಮಠದ ಹೊಲದ ಲೆಕ್ಕ, ಕೊನೆಯ ಗರಿಯಲ್ಲಿ ಬರೆದವನ ಹೆಸರು, ಬರೆಸಿದವನ ಊರು, ಸಂವತ್ಸರ. ಒಂದೇ ವಚನ ಒಂದು ಕಟ್ಟಿನಲ್ಲಿ ಒಂದು ರೀತಿ, ಮತ್ತೊಂದರಲ್ಲಿ ಇನ್ನೊಂದು ರೀತಿ ಇರುತ್ತದೆ. ಯಾವುದು ಶರಣರ ಮಾತು, ಯಾವುದು ಆಮೇಲೆ ಸೇರಿಸಿದ್ದು ಎಂಬ ನಿರ್ಣಯ ಆಗುವುದು ಹತ್ತು ಪ್ರತಿ ಪಕ್ಕಪಕ್ಕ ಇಟ್ಟಾಗ. ಹನ್ನೊಂದನೇ ಪ್ರತಿ ನಮ್ಮ ಕಪಾಟಿನಲ್ಲಿ ಹುಳಕ್ಕೆ ಆಹಾರವಾಗುತ್ತಿದ್ದರೆ ಆ ನಿರ್ಣಯ ಅರ್ಧವೇ.

ಇದು ಪಂಡಿತರ ಕಸುಬು, ನಮಗೇನು ಎನ್ನಬೇಡಿ. 2017ರಲ್ಲಿ ಬೀದರಿನಲ್ಲಿ, ಬೆಳಗಾವಿಯಲ್ಲಿ ಲಕ್ಷಗಟ್ಟಲೆ ಜನ ಸೇರಿದ್ದೆವು. ಲಿಂಗಾಯತ ಸ್ವತಂತ್ರ ಧರ್ಮ ಎಂದು ಗಂಟಲು ಹರಿಯುವಂತೆ ಕೂಗಿದೆವು. ಜಮಖಂಡಿ, ಮುಧೋಳ, ಬೀಳಗಿಯಿಂದಲೂ ಗಾಡಿ ಮಾಡಿಕೊಂಡು ಹೋಗಿದ್ದರು. ನಾನೂ ಹೋಗಿದ್ದೆ. ಆಮೇಲೆ ನ್ಯಾಯಮೂರ್ತಿ ನಾಗಮೋಹನದಾಸ್ ಸಮಿತಿ ಕುಳಿತಾಗ ಎಷ್ಟು ಜನ ಸೇರಿದ್ದಿರಿ ಎಂಬುದು ಮುಖ್ಯವಾಗಲಿಲ್ಲ, ನಿಮ್ಮ ಆಧಾರ ಗ್ರಂಥ ಯಾವುದು ಎಂಬುದು ಮುಖ್ಯವಾಯಿತು. ನಾಳೆ ಮತ್ತೆ ದಿಲ್ಲಿಯಲ್ಲಿ ಆ ಕಡತ ತೆರೆದರೂ ಕೇಳುವುದು ಅದನ್ನೇ. ಆಗ ಕೆಂಪು ವಸ್ತ್ರದ ಗಂಟನ್ನು ಹಾಗೆಯೇ ಮೇಜಿನ ಮೇಲೆ ಇಟ್ಟು "ದಿನಾ ಪೂಜಾ ಮಾಡತೇವ್ರಿ" ಎನ್ನಲು ಬರುತ್ತದೆಯೇ?

ಮಠದವರ ತಕರಾರುಗಳಲ್ಲಿ ಒಂದನ್ನು ನಾನು ಪೂರಾ ಒಪ್ಪುತ್ತೇನೆ. ಅದು ಕಳವಿನದು. "ಹಿಂದ ಪ್ರೊಫೆಸರ್ ಒಬ್ಬರು ಬಂದಿದ್ರು, ನಾಕ ಕಟ್ಟು ಒಯ್ದ್ರು, ಹೊಳ್ಳಿ ಕೊಡಲಿಲ್ಲ" ಎಂಬ ಮಾತನ್ನು ಎಷ್ಟೋ ಮಠಗಳಲ್ಲಿ ಕೇಳಿದ್ದೇನೆ. ಸುಳ್ಳಲ್ಲ. ನಮ್ಮ ವಿದ್ವಾಂಸರಲ್ಲಿ ಕೆಲವರು ಮಠದ ಓಲೆಯನ್ನು ಒಯ್ದು ತಮ್ಮ ಮನೆಯ ಸ್ವತ್ತು ಮಾಡಿಕೊಂಡರು. ಅವರು ತೀರಿದ ಮೇಲೆ ಮಕ್ಕಳು ರದ್ದಿಯವನಿಗೆ ಹಾಕಿದ ಉದಾಹರಣೆಗಳೂ ಇವೆ. ಅಕ್ಷರ ಬಲ್ಲವರು ಮಾಡಿದ ಈ ಪಾಪಕ್ಕೆ ಅಕ್ಷರ ಬಲ್ಲವರೇ ತಲೆ ತಗ್ಗಿಸಬೇಕು, ನಾನೂ ತಗ್ಗಿಸುತ್ತೇನೆ. ಆದರೆ ಕಳವು ಆಗಿದ್ದು ಏಕೆ? ಪಟ್ಟಿ ಇರಲಿಲ್ಲ. ಯಾವ ಕಟ್ಟು, ಎಷ್ಟು ಗರಿ, ಯಾರು ಒಯ್ದರು, ಯಾವ ತಾರೀಖು ಎಂಬ ವಹಿ ಇರಲಿಲ್ಲ. ಬಾಯಿಮಾತಿನ ಮೇಲೆ ಕೊಟ್ಟದ್ದು ಬಾಯಿಮಾತಿನಲ್ಲೇ ಮುಳುಗಿತು. ಮಠದ ಕಾಳಿನ ಲೆಕ್ಕ ಸೇರಿನವರೆಗೂ ಇಡುತ್ತೇವೆ, ಜಾತ್ರೆಯ ಪಟ್ಟಿಯಲ್ಲಿ ಐವತ್ತು ರೂಪಾಯಿ ಕೊಟ್ಟವರ ಹೆಸರೂ ಇರುತ್ತದೆ, ಓಲೆಗೆ ಮಾತ್ರ ಲೆಕ್ಕವಿಲ್ಲ. ಈಗಂತೂ ಕಟ್ಟನ್ನು ಹೊರಗೆ ಕೊಡಬೇಕಾದ ಪ್ರಮೇಯವೇ ಇಲ್ಲ. ಅಲ್ಲೇ ಮೇಜಿನ ಮೇಲೆ ಇಟ್ಟು, ಮಠದವರೇ ಒಬ್ಬರು ಎದುರಿಗೆ ಕುಳಿತು, ಗರಿ ಗರಿಗೆ ಫೋಟೊ ತೆಗೆದುಕೊಳ್ಳಲು ಬಿಟ್ಟರೆ ಮುಗಿಯಿತು. ಫೋಟೊದ ಒಂದು ಪ್ರತಿ ಮಠಕ್ಕೆ, ಒಂದು ಓದುವವರಿಗೆ. ಕಳ್ಳನಿಗೆ ಹೆದರಿ ಹಾಕಿದ ಕೀಲಿ ಗೆದ್ದಲಿಗೆ ಅಡ್ಡಿ ಮಾಡುವುದಿಲ್ಲ ಎಂಬುದಷ್ಟು ನೆನಪಿರಲಿ.

ಮತ್ತೊಂದು ತಕರಾರನ್ನು ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ತೆರೆದರೆ ಏನು ಸಿಗುತ್ತದೋ ಎಂಬ ಅಂಜಿಕೆ ಅದು. ನಮ್ಮ ಮಠದ ಮೂಲ ಕರ್ತೃ ಯಾವ ಕಾಯಕದವನಿದ್ದನೋ, ಪೀಠದ ಪರಂಪರೆಯ ನಡುವೆ ಎಲ್ಲಿ ಕೊಂಡಿ ತಪ್ಪಿದೆಯೋ, ಹೊಲ ದಾನ ಕೊಟ್ಟವರು ಯಾವ ಜಾತಿಯವರೋ! ಸಿಗಲಿ ಬಿಡಿ. ಮಾದಾರ ಚೆನ್ನಯ್ಯನನ್ನು, ಡೋಹರ ಕಕ್ಕಯ್ಯನನ್ನು ಅಪ್ಪ, ಬೊಪ್ಪ ಎಂದು ಕರೆಯಲು ನಾಚದ ಬಸವಣ್ಣನವರ ಮಕ್ಕಳಿಗೆ ಇದರಲ್ಲಿ ಅಂಜುವುದೇನಿದೆ?

"ತೆರೆದರೂ ಯಾರು ಬರತಾರ್ರಿ ಓದಾಕ?" ಎನ್ನುವವರಿಗೆ ಉತ್ತರ ಚಿಕ್ಕದು. ಜಮಖಂಡಿಯಲ್ಲಿ ಬಾಗಲಕೋಟೆ ವಿಶ್ವವಿದ್ಯಾಲಯ ಬಂದಿದೆ. ನಾಲ್ಕೂ ತಾಲೂಕಿನಲ್ಲಿ ಪದವಿ ಕಾಲೇಜುಗಳಿವೆ. ರನ್ನ ಹುಟ್ಟಿದ ಮುಧೋಳದಲ್ಲಿ, ಅಲ್ಲಮಪ್ರಭುವಿನ ಗುಡಿಯಿರುವ ತೇರದಾಳದಲ್ಲಿ ಕನ್ನಡ ಓದುವ ಮಕ್ಕಳಿಲ್ಲವೇ? ಓಲೆ ಓದಲು ಬರುವುದಿಲ್ಲ ಎಂದರೆ ಹಂಪಿ ಕನ್ನಡ ವಿಶ್ವವಿದ್ಯಾಲಯದಲ್ಲಿ ಹಸ್ತಪ್ರತಿ ವಿಭಾಗವೇ ಇದೆ, ಧಾರವಾಡದ ಕನ್ನಡ ಅಧ್ಯಯನ ಪೀಠವಿದೆ. ಪಾಠಶಾಲೆಯ ವಟುಗಳಿಗೇ ಮೊದಲು ಕಲಿಸಿ. ಕಂಠಪಾಠ ಮಾಡಿದ ಮಂತ್ರವನ್ನು ಹನ್ನೆರಡು ವರ್ಷ ಹೇಳುವ ಹುಡುಗ ಆರು ತಿಂಗಳು ಹಳೆಯ ಲಿಪಿ ಕಲಿತರೆ, ತನ್ನ ಮಠದ ಕಪಾಟನ್ನು ತಾನೇ ಓದಬಲ್ಲ. ಬರುತ್ತಿರುವ ಹುಡುಗರನ್ನೂ ನೋಡಿದ್ದೇನೆ: ಕೆಲವು ಮಠಗಳ ವಾಚನಾಲಯದಲ್ಲಿ ಪೊಲೀಸ್ ಪರೀಕ್ಷೆ, ಎಫ್‌ಡಿಎ ಪರೀಕ್ಷೆಗೆ ತಯಾರಾಗುವವರು ತಮ್ಮ ಪುಸ್ತಕ ತಾವೇ ತಂದು, ಫ್ಯಾನಿನ ಕೆಳಗೆ ಕುರ್ಚಿ ಹಿಡಿದು ಕೂರುತ್ತಾರೆ. ಕೂರಲಿ, ಅದೂ ದಾಸೋಹವೇ. ಆದರೆ ಅವರ ಬೆನ್ನ ಹಿಂದಿನ ಕಪಾಟಿಗೆ ಕೀಲಿ ಇದೆ, ಅದರೊಳಗೆ ಏನಿದೆ ಎಂದು ಅವರು ಕೇಳಿಲ್ಲ, ಯಾರೂ ಹೇಳಿಲ್ಲ.

ಹಣದ ಮಾತನ್ನು ನಾನು ಕೇಳಲೂ ಸಿದ್ಧನಿಲ್ಲ. ನಗರಸಭೆಗೆ ಮನೆ ತೆರಿಗೆ ಕಟ್ಟುವಾಗ 1965ರ ಗ್ರಂಥಾಲಯ ಕಾಯಿದೆಯ ಪ್ರಕಾರ ಶೇ. 6 ಗ್ರಂಥಾಲಯ ಕರ ಕೊಡುತ್ತೇವೆ, ಆ ಗ್ರಂಥಾಲಯದಲ್ಲಿ ಕೂಲಿಯವನಿಗೂ ಕುರ್ಚಿಯ ಹಕ್ಕಿದೆ. ಮಠಕ್ಕೆ ಕರ ಅಲ್ಲ, ಭಕ್ತಿ ಕೊಡುತ್ತೇವೆ: ಕಬ್ಬಿನ ಬಿಲ್ಲು ಬಂದಾಗ, ಸೀರೆಯ ಗಿರಾಕಿ ಕುದುರಿದಾಗ, ಮಗನ ಮದುವೆಯಾದಾಗ. ಆ ಭಕ್ತಿಯಿಂದ ಕಲ್ಯಾಣ ಮಂಟಪ ಎದ್ದಿತು, ಬೆಳ್ಳಿಯ ಪಲ್ಲಕ್ಕಿ ಬಂತು, ಜಾತ್ರೆಯ ರಾತ್ರಿ ಮದ್ದು ಸುಟ್ಟೆವು. ಒಂದು ರಾತ್ರಿಯ ಮದ್ದಿನ ಖರ್ಚಿನಲ್ಲಿ ಗ್ರಂಥಪಾಲಕರೊಬ್ಬರಿಗೆ ಎಷ್ಟು ತಿಂಗಳ ಪಗಾರ ಆಗುತ್ತದೆ ಎಂದು ಜಾತ್ರಾ ಸಮಿತಿಯವರೇ ಲೆಕ್ಕ ಹಾಕಲಿ. ಅಡ್ಡಪಲ್ಲಕ್ಕಿಯಲ್ಲಿ ಬಸವಣ್ಣನವರ ಭಾವಚಿತ್ರ, ಒಳಗಿನ ಕಪಾಟಿನಲ್ಲಿ ಬಸವಣ್ಣನವರ ವಚನಕ್ಕೆ ಗೆದ್ದಲು. ಇದನ್ನು ನೋಡಿಯೂ ಉಘೇ ಎನ್ನುವ ನಾವು, ನಾನೂ ಸೇರಿ, ತಪ್ಪಿತಸ್ಥರೇ.

ಬೀಳಗಿಯವರಿಗೆ ಬೇರೆಯೇ ಒಂದು ಮಾತಿದೆ. ಆಲಮಟ್ಟಿಯ ಹಿನ್ನೀರು ಬಂದಾಗ ನಿಮ್ಮ ಕಡೆಯ ಊರು ಊರೇ ಎದ್ದು ಹೋದವು. ಗಂಟುಮೂಟೆ ಕಟ್ಟುವ ಅವಸರದಲ್ಲಿ ತೊಲೆ, ಬಾಗಿಲು, ಹಂಚು ಎಲ್ಲ ಲೆಕ್ಕ ಹಾಕಿ ಒಯ್ದೆವು. ಅದಕ್ಕೆ ಪರಿಹಾರ ಇತ್ತು. ಅಟ್ಟದ ಮೇಲಿನ ಓಲೆ, ಮಠದ ಗೋಡೆಗೂಡಿನ ಕಡತಗಳಿಗೆ ಪರಿಹಾರದ ಪಟ್ಟಿಯಲ್ಲಿ ಕಲಮೇ ಇರಲಿಲ್ಲ. ಎಷ್ಟೋ ಹಿರಿಯರು ಹಳೆಯ ಓಲೆಯನ್ನು ಹೊಳೆಗೆ ಬಿಡುವುದು ಪುಣ್ಯ ಎಂದು ತಿಳಿದು ಕೃಷ್ಣೆಗೇ ಬಿಟ್ಟರು. ಈಗ ಅಣೆಕಟ್ಟಿನ ನೀರಿನ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸುವ ಮಾತು ನಡೆದಿದೆ. ಮತ್ತೆ ಊರುಗಳು ಏಳುತ್ತವೆ. ಭೂಮಿಯ ಪರಿಹಾರಕ್ಕೆ ಹೋರಾಡಿ, ಬೇಡ ಎನ್ನುವುದಿಲ್ಲ. ಅದರ ಜೊತೆಗೆ, ಮುಳುಗುವ ಪಟ್ಟಿಯಲ್ಲಿರುವ ಪ್ರತಿ ಮಠ, ಪ್ರತಿ ಹಳೆಯ ಮನೆಯ ಅಟ್ಟವನ್ನು ಈ ವರ್ಷವೇ ಒಮ್ಮೆ ಜಾಲಾಡಿ. ನೀರು ಬಂದ ಮೇಲೆ ಹಳಕಟ್ಟಿಯವರೇ ಮತ್ತೆ ಹುಟ್ಟಿ ಬಂದರೂ ಏನೂ ಮಾಡಲಾರರು.

ನಾನು ಕೇಳುವುದು ದೊಡ್ಡದೇನಲ್ಲ. ಗ್ರಂಥಾಲಯ ಇರುವ ಪ್ರತಿ ಮಠ ಮೊದಲು ತನ್ನಲ್ಲಿ ಏನಿದೆ ಎಂಬ ಪಟ್ಟಿ ಬರೆಸಿ ಬಾಗಿಲಿನ ಹೊರಗೆ ಅಂಟಿಸಲಿ, ಪಂಚಾಂಗ ಅಂಟಿಸುವ ಜಾಗದಲ್ಲೇ. ವಾರಕ್ಕೆ ಮೂರು ದಿನವಾದರೂ ಹೊತ್ತು ಗೊತ್ತು ಮಾಡಿ ಬಾಗಿಲು ತೆರೆದಿರಲಿ. ಕೀಲಿಕೈ ಒಬ್ಬರ ಉಡಿದಾರದಲ್ಲಿ ಬೇಡ, ಇಬ್ಬರ ಹತ್ತಿರ ಇರಲಿ. ಅವರಲ್ಲಿ ಒಬ್ಬರು ಹೆಣ್ಣುಮಗಳಾಗಿರಲಿ. ಓದಲು ಬಂದವರ ಜಾತಿ, ಲಿಂಗ, ಧರ್ಮ ಕೇಳುವ ರಿವಾಜು ನಿಲ್ಲಲಿ, ಹೆಸರು ಊರು ಬರೆಸಿಕೊಂಡರೆ ಸಾಕು. ಓಲೆಯ ಮುಂದೆ ದೀಪ ಹಚ್ಚುವುದನ್ನು, ಎಣ್ಣೆ, ಹೂವು, ವಿಭೂತಿ ಏರಿಸುವುದನ್ನು ಇವತ್ತೇ ಬಿಡಿ. ಆ ಜಿಡ್ಡಿಗೇ ಹುಳ ಬರುವುದು. ಪೂಜೆ ಮಾಡಲೇಬೇಕೆಂದರೆ ಮಜ್ಜಿಗೆ ಹುಲ್ಲಿನ ಎಣ್ಣೆಯಿಂದ ಗರಿಗಳನ್ನು ಮೆತ್ತಗೆ ಒರೆಸಿ, ನೆರಳಲ್ಲಿ ಆರಿಸಿ, ಹೊಸ ದಾರ ಪೋಣಿಸಿ. ಹೇಗೆ ಮಾಡಬೇಕೆಂದು ವಿಶ್ವವಿದ್ಯಾಲಯದವರು ಬಂದು ತೋರಿಸುತ್ತಾರೆ, ಕರೆದರೆ.

ಪೂಜ್ಯರನ್ನು ಕೇಳುವ ಧೈರ್ಯ ಭಕ್ತರಿಗೆ ಇರಬೇಕು. ಶ್ರಾವಣ ಬರುತ್ತಿದೆ. ನಾಲ್ಕೂ ತಾಲೂಕುಗಳಲ್ಲಿ ತಿಂಗಳಿಡೀ ಪ್ರವಚನ, ಮನೆ ಮನೆಗೆ ಅಪ್ಪಾರ ಭೇಟಿ. ಪಾದಪೂಜೆಯ ನೀರು ತಲೆಗೆ ಹಚ್ಚಿಕೊಳ್ಳುವ ಮೊದಲು ಕೈಮುಗಿದು ಒಂದು ಮಾತು ಕೇಳಿ: "ಅಪ್ಪಾರ, ಮಠದ ಗ್ರಂಥಾಲಯದ ಕೀಲಿಕೈ ಯಾರ ಹಂತ್ಯಾಕ ಐತ್ರಿ?" ಹತ್ತು ಮನೆಯಲ್ಲಿ ಅದೇ ಪ್ರಶ್ನೆ ಬಂದರೆ ಹನ್ನೊಂದನೇ ಮನೆಗೆ ಹೋಗುವಷ್ಟರಲ್ಲಿ ಅಪ್ಪಾರು ಕೀಲಿಕೈ ಹುಡುಕಿಸಿರುತ್ತಾರೆ. ನಮ್ಮ ಸ್ವಾಮಿಗಳು ಕೆಟ್ಟವರಲ್ಲ, ಅವರನ್ನು ಯಾರೂ ಕೇಳಿಲ್ಲ.

ಆ ಹುಡುಗಿ ಮುದ್ರಿತ ಸಂಪುಟಗಳನ್ನೇ ಓದಿ ಪ್ರಬಂಧ ಬರೆದಳು, ಪಾಸಾದಳು, ಈಗ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಾಳೆ. ಪ್ರಬಂಧದ ಕೊನೆಯ ಪುಟದಲ್ಲಿ, ದುಗ್ಗಳೆಯ ವಚನಗಳ ಸಂಖ್ಯೆಯನ್ನು ಸದ್ಯಕ್ಕೆ ಎರಡು ಎಂದು ಎಣಿಸಿದ್ದೇನೆ ಎಂದು ಬರೆದಿದ್ದಾಳೆ. ಆ "ಸದ್ಯಕ್ಕೆ" ಎಂಬುದರ ಕೆಳಗೆ ಗೈಡ್ ಕೆಂಪು ಗೆರೆ ಎಳೆದಿದ್ದರು, ಅವಳು ತೆಗೆಯಲಿಲ್ಲ. ಹದಿನಾಲ್ಕನೇ ನಂಬರಿನ ಚೀಟಿ ನನ್ನ ಡೈರಿಯಲ್ಲಿ ಇನ್ನೂ ಇದೆ. ಶ್ರಾವಣ ಮುಗಿದ ಮೊದಲ ಸೋಮವಾರ ನಾನೂ ಅವಳೂ ಮತ್ತೆ ಆ ಮಠಕ್ಕೆ ಹೋಗುತ್ತಿದ್ದೇವೆ. ಕಟ್ಟೆಯ ಮೇಲೆ ಕೂರಲು ಅಲ್ಲ. ಜೊತೆಗೆ ಬರುವವರು ಮುಂಜಾನೆ ಎಂಟು ಗಂಟೆಗೆ ಬನಹಟ್ಟಿ ಬಸ್ ನಿಲ್ದಾಣಕ್ಕೆ ಬನ್ನಿ. ಊಟದ ಚಿಂತೆ ಬೇಡ, ಮಠದಲ್ಲಿ ದಾಸೋಹ ಇರುತ್ತದೆ.